ಕಾಯಿ

ಗಂಡಸಿ ಹ್ಯಾಂಡ್‌ಪೋಸ್ಟಿನಿಂದ ಏಳು ಕಿಲೋಮೀಟರು.
ನನ್ನ ಟಿ.ವಿ.ಎಸ್. ಸದ್ದು ಕೆರೆ ಏರಿ ದಾಟುವ ಮೊದಲೇ
ಶಾಲೆಗೆ ತಿಳಿದಿರುತ್ತದೆ:
ಅಂಗಳ ಗುಡಿಸಿರುತ್ತದೆ, ಹಲಗೆಯ ಮೂಲೆಯಲ್ಲಿ
ದಿನಾಂಕ ಗುಂಡಗೆ ಕೂತಿರುತ್ತದೆ.

ಇವತ್ತೂ ಹಾಗೇ. ಹಿಂದಿನ ಬೆಂಚಿನಲ್ಲಿ ಕೂತೆ,
ಮೊಣಕಾಲು ಗದ್ದಕ್ಕೆ ತಾಗುವಂತೆ.
ಪಕ್ಕದ ಹುಡುಗಿ ಅರ್ಧ ಮೊಳ ಸರಿದು ಜಾಗ ಕೊಟ್ಟು
ನನ್ನ ನಮೂನೆಯನ್ನು ಇಣುಕಿ ನೋಡಿದಳು.
‘ಸಾ, ಇದು ಪರೀಕ್ಷೆನಾ?’
ಹೌದು, ನಿಮ್ಮ ಮಿಸ್ಸಿಗೆ
ಎನ್ನಲಾಗದೆ ಪೆನ್ನಿನ ಮುಚ್ಚಳ ತೆಗೆದೆ.

ತೇಜಾವತಿ ಟೀಚರ ಸೀರೆಯಲ್ಲಿ ಇಸ್ತ್ರಿಯ ಗೆರೆ,
ದನಿಯಲ್ಲೂ ಅದೇ ಗೆರೆ.
‘ಒದ್ದೆ ಬಟ್ಟೆಯ ನೀರು ಎಲ್ಲಿ ಹೋಯಿತು, ಮಕ್ಕಳೇ?’
ಪ್ರಶ್ನೆಯ ಬಾಲ ಇನ್ನೂ ಬಾಯಲ್ಲಿರುವಾಗಲೇ
ಹತ್ತೊಂಬತ್ತು ಕೈ ಮೇಲೆ.
ಆವಿಯಾಯಿತು ಎಂದ ಒಬ್ಬ,
ಸೂರ್ಯನ ಶಾಖದಿಂದ ಎಂದಳು ಮತ್ತೊಬ್ಬಳು,
ಬಾಡಿಗೆಗೆ ತಂದ ಮದುವೆ ಕುರ್ಚಿಗಳ ಹಾಗೆ
ಸಾಲು ತಪ್ಪದ ಉತ್ತರಗಳು.
ಕಾಲಂ ಒಂದು: ನಾಲ್ಕು. ಕಾಲಂ ಎರಡು: ನಾಲ್ಕು.

ಆಗ ಲಿಖಿತ್ ಎಂಬುವನು, ಪಾಪ, ಸುಮ್ಮನೆ, ಸಂಶಯಕ್ಕೆ,
‘ಮಿಸ್, ಇದ್ನ ನೆನ್ನೇನೇ ಮಾಡುದ್ವಲ್ಲ?’

ಚಾರ್ಟಿನ ಗೋಂದು ಇನ್ನೂ ಆರಿರಲಿಲ್ಲ;
ಒಂದು ಮೂಲೆ ಕಳಚಿ ನಿಧಾನ ಬಾಗಿತು, ಸೂರ್ಯನ ಸಮೇತ.
ಅವರು ನನ್ನನ್ನು ನೋಡಿದರು.
ನಾನು ಕಾಗದ ನೋಡಿದೆ.

ಹದಿನಾರು ವರ್ಷ ಆ ಕಡೆ ನಿಂತವನು ನಾನು.
ಬಿ.ಇ.ಓ. ಜೀಪು ಬಂದ ದಿನ
ನೆನ್ನೆಯ ಪಾಠವನ್ನೇ ಬಿಸಿ ಮಾಡಿ ಬಡಿಸಿದ್ದೆ.
ಬಾಯಿ ತೆರೆಯಹೊರಟ ಹುಡುಗನಿಗೆ
ಕಣ್ಣಲ್ಲೇ ಬೀಗ ಹಾಕಿದ್ದೆ.
ಅವನ ಹೆಸರು ಮರೆತಿದೆ. ಬೀಗ ಮರೆತಿಲ್ಲ.

ಇವರು ಹಾಕಲಿಲ್ಲ.
‘ಹೌದು ಕಣೋ, ನೆನ್ನೇನೇ ಮಾಡಿದ್ವಿ’ ಅಂದರು,
ಕೋಲನ್ನು ಮೇಜಿನ ಮೇಲಿಟ್ಟರು. ಸ್ವಲ್ಪ ನಿಂತರು.
‘ಸರಿ, ಇದನ್ನ ನನಗೂ ಯಾರೂ ಹೇಳ್ಕೊಟ್ಟಿಲ್ಲ.
ಅಟ್ಟದ ಮೇಲೆ ಕಾಯಿ ಹಾಕ್ತೀವಿ.
ವರ್ಷ ಬಿಟ್ಟು ಒಡೆದರೆ ಗಿಟುಕು. ಹನಿ ನೀರಿಲ್ಲ.
ಸುತ್ತ ಕರಟ, ಬಾಗಿಲೇ ಇಲ್ಲದ ಮನೆ.
ಎಲ್ಲಿಂದ ಹೋಯ್ತು?’

ಒಂದು ಕೈಯೂ ಏಳಲಿಲ್ಲ.
ತರಬೇತಿಯಲ್ಲಿ ಸಾರಿ ಸಾರಿ ಹೇಳುವವನು ನಾನೇ:
ಕೇಳಿದ ಮೇಲೆ ಕಾಯಿರಿ.
ಈಗ ಮುಳ್ಳು ನೋಡುತ್ತ ನನ್ನ ಅಂಗೈ ಬೆವರಿತು.
ಎಂಟು ಸೆಕೆಂಡು. ಹನ್ನೊಂದು.
ಅಡುಗೆಕೋಣೆಯ ಕುಕ್ಕರು ಒಮ್ಮೆ ಕೂಗಿ ಸುಮ್ಮನಾಯಿತು.
ಹದಿನಾಲ್ಕು.

ನನ್ನ ಪಕ್ಕದವಳು, ಕಾಯಿ ಸುಲಿಯುವವರ ಮಗಳಂತೆ,
ಕೈ ಎತ್ತದೆ, ಬೆಂಚಿಗೆ ಹೇಳಿದಳು:
‘ತಿರುಳೇ ಕುಡ್ಕಂಡಿರ್ತದೆ.’
‘ಹಂಗಾರೆ ತಿರುಳು ಊದ್ಕಬೇಕಿತ್ತು, ಒಣಗದ್ಯಾಕೆ?’ ಲಿಖಿತ್.
‘ಮೂರು ಕಣ್ಣೈತಲ್ಲ, ಅಲ್ಲಿಂದ ಅತ್ತಿರ್ತದೆ’ ಇನ್ಯಾರೋ.
ನಕ್ಕರು, ಜಗಳವಾಡಿದರು, ಒಬ್ಬ ಬೆಂಚು ಹತ್ತಿದ.
ಕಾಲಂ ಐದು, ತರಗತಿಯ ಶಿಸ್ತು:
ಬರೆಯಲು ಮರೆತೆ. ನನಗೂ ಉತ್ತರ ಗೊತ್ತಿರಲಿಲ್ಲ.

ಮಧ್ಯಾಹ್ನ ಮೆಟ್ಟಿಲ ಮೇಲೆ, ತೊಡೆಯ ಮೇಲೆ ಬಿಸಿಯೂಟದ ತಟ್ಟೆ.
‘ಕೆಟ್ಟೋಯ್ತು ಅಲ್ವಾ ಸಾರ್, ಪಾಠ?’
ನಾಲಗೆಯ ತುದಿಯಲ್ಲಿ ಮೂರು ಸಲಹೆ, ಕ್ರಮಸಂಖ್ಯೆ ಸಮೇತ.
ಅನ್ನದ ಜೊತೆ ನುಂಗಿ ಕೇಳಿದೆ:
‘ನಿಮಗೇನನ್ನಿಸ್ತು?’
ಗಡಿಯಾರ ನೋಡಲಿಲ್ಲ. ಸಾರು ಕೆನೆಗಟ್ಟಿತು.
ಕಾದೆ.
ಅವರು ಹೇಳಿದ್ದಕ್ಕೆ ನಮೂನೆಯಲ್ಲಿ ಜಾಗವಿಲ್ಲ,
ಇಲ್ಲೂ ಬರೆಯುವುದಿಲ್ಲ; ಅದು ಅವರದ್ದು.

ಸಂಜೆ ಹ್ಯಾಂಡ್‌ಪೋಸ್ಟಿನಲ್ಲಿ ನೆಟ್‌ವರ್ಕ್ ಸಿಕ್ಕಿತು.
ಕಾಲಂ ಒಂಬತ್ತು, ಶಿಕ್ಷಕರ ವಿಷಯಜ್ಞಾನ.
ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯದು.
‘ನನಗೂ ಯಾರೂ ಹೇಳ್ಕೊಟ್ಟಿಲ್ಲ’ ಎಂಬುದು
ಎರಡೋ, ನಾಲ್ಕೋ?
ಏನನ್ನೋ ಒತ್ತಿದೆ. ಹೋಯಿತು.

ಪಕ್ಕದ ಅಂಗಡಿಯ ಚೀಲದಿಂದ ಒಣಕಾಯಿಯೊಂದನ್ನೆತ್ತಿ
ಕಿವಿಗೆ ಹಿಡಿದು ಅಲ್ಲಾಡಿಸಿದೆ.
ಲೊಡ ಲೊಡ, ಒಳಗೆ ಗಿಟುಕು.
‘ಎಷ್ಟು ಬೇಕಿತ್ತು ಸಾರ್?’ ಎಂದ ಅಂಗಡಿಯವನು,
ಎಂದು, ಸುಮ್ಮನೆ ನನ್ನನ್ನೇ ನೋಡುತ್ತ ನಿಂತ.